ಪ್ಯಾಕೆಟ್ ಮೇಲಿನ ಮುದ್ರೆಗೆ ಕೊಟ್ಟ ದುಡ್ಡು ಯಾರ ಕೈ ಸೇರುತ್ತದೆ?

ಪ್ರಶ್ನೆ: ಮೂರು ವರ್ಷದಿಂದ ‘ಫೇರ್‌ಟ್ರೇಡ್’ (ಬೆಳೆಗಾರರಿಗೆ ನ್ಯಾಯದ ಬೆಲೆ ಕೊಡುತ್ತೇವೆ ಅನ್ನುವ) ಮುದ್ರೆ ಇರುವ ಕಾಫಿಯನ್ನೇ ಕೊಳ್ಳುತ್ತಿದ್ದೇನೆ. ಬೇರೆ ಕಾಫಿಗಿಂತ ಬೆಲೆ ಜಾಸ್ತಿ. ಆ ಹೆಚ್ಚಿನ ದುಡ್ಡು ನಿಜವಾಗಿ ಬೆಳೆಗಾರರಿಗೆ ಸೇರುತ್ತದಾ? ಕಪ್ಪೆ, ಎಲೆ, ಹಕ್ಕಿಯ ಚಿತ್ರ ಇರುವ ಬೇರೆ ಮುದ್ರೆಗಳೂ ಇವೆ. ಯಾವುದನ್ನು ನಂಬಬೇಕು? ನನ್ನ ಗೆಳೆಯನೊಬ್ಬ ‘ಇದೆಲ್ಲ ಸುಮ್ನೆ ಮಾರಾಟದ ತಂತ್ರ. ಕಾಫಿ ಬೆಲೆ ದಾಖಲೆ ಏರಿದೆ, ಬೆಳೆಗಾರರಿಗೆ ಇನ್ನು ಯಾರ ಆಸರೆಯೂ ಬೇಡ’ ಅನ್ನುತ್ತಾನೆ. ಅವನು ಹೇಳುವುದು ಸರಿಯಾ?

ಉತ್ತರ: ನಿಮ್ಮ ಗೆಳೆಯರ ಮಾತಿನಲ್ಲಿ ಅರ್ಧ ನಿಜ ಇದೆ. ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲೇ ಹೇಳಿಬಿಡುತ್ತೇನೆ. ನೀವು ಜಾಸ್ತಿ ಕೊಟ್ಟ ದುಡ್ಡಿನಲ್ಲಿ ಬೆಳೆಗಾರರಿಗೆ ಸೇರುವುದು ಸಣ್ಣ ಪಾಲು. ಆದರೂ ಆ ಮುದ್ರೆ ಕೆಲಸಕ್ಕೆ ಬಾರದ್ದು ಅಂತ ನಾನು ಹೇಳುವುದಿಲ್ಲ. ನಾನು ಅದನ್ನು ಬೆಳೆ ವಿಮೆಯ ಹಾಗೆ ನೋಡುತ್ತೇನೆ. ವಿಮೆ ಪ್ರತಿ ವರ್ಷ ದುಡ್ಡು ಕೊಡುವುದಿಲ್ಲ, ಕೆಟ್ಟ ವರ್ಷ ಕೊಡುತ್ತದೆ. ಕಾಫಿ ವ್ಯಾಪಾರದಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಬೆಲೆ ಬಿದ್ದಾಗ ನಷ್ಟ ಯಾರ ಹೆಗಲಿಗೆ ಬೀಳುತ್ತದೆ? ರುಚಿ ನೋಡುವ ಕೆಲಸದಿಂದ ಶುರುಮಾಡಿ, ಆಮೇಲೆ ಖರೀದಿಯ ಕಡೆ ಬಹಳ ವರ್ಷ ಕೂತ ಮೇಲೆ ನನಗೆ ಉಳಿದಿರುವ ಪ್ರಶ್ನೆ ಇದು.

ಮೊದಲು ಒಂದು ಕಪ್ಪಿನ ಲೆಕ್ಕ ಹಾಕೋಣ. ಕಾಗದ, ಪೆನ್ನು ಸಾಕು.

ಜಗತ್ತಿನಲ್ಲಿ ಅರೇಬಿಕಾ ಕಾಫಿ ಬೀಜಕ್ಕೆ ಪೌಂಡ್ ಲೆಕ್ಕದಲ್ಲಿ ಬೆಲೆ ಕಟ್ಟುತ್ತಾರೆ. ಒಂದು ಪೌಂಡ್ ಅಂದರೆ ಸುಮಾರು 454 ಗ್ರಾಂ ಹಸಿರು, ಅಂದರೆ ಇನ್ನೂ ಹುರಿಯದ ಬೀಜ. ಹುರಿದಾಗ ನೀರು ಹಾರಿ ಸುಮಾರು 15ರಿಂದ 20ರಷ್ಟು ಪ್ರತಿಶತ ತೂಕ ಹೋಗುತ್ತದೆ. ಉಳಿಯುವುದು 375 ಗ್ರಾಂ ಆಸುಪಾಸು. ಒಂದು ಗಟ್ಟಿ ಎಸ್ಪ್ರೆಸೊಗೆ 18 ಗ್ರಾಂ ಪುಡಿ ಅಂತ ಇಟ್ಟುಕೊಳ್ಳಿ. ಅಲ್ಲಿಗೆ ಒಂದು ಪೌಂಡಿಗೆ ಹೆಚ್ಚೂ ಕಡಿಮೆ 21 ಕಪ್. ಫೇರ್‌ಟ್ರೇಡ್ ಸಂಸ್ಥೆ ತೊಳೆದ (ತಿರುಳು ಬಿಡಿಸಿ, ನೀರಲ್ಲಿ ತೊಳೆದು ಒಣಗಿಸಿದ) ಅರೇಬಿಕಾಕ್ಕೆ 2023ರ ಆಗಸ್ಟ್‌ನಲ್ಲಿ ಕಟ್ಟಿದ ಕನಿಷ್ಠ ಬೆಲೆ ಪೌಂಡಿಗೆ 1.80 ಡಾಲರ್. ಅದರ ಮೇಲೆ 20 ಸೆಂಟ್ ‘ಪ್ರೀಮಿಯಂ’, ಅಂದರೆ ಬೆಲೆಯ ಜೊತೆ ಕೊಡುವ ಹೆಚ್ಚುವರಿ ದುಡ್ಡು. ಎರಡೂ ಸೇರಿ 2 ಡಾಲರ್. 21 ಕಪ್‌ಗೆ ಹಂಚಿದರೆ ಕಪ್ಪಿಗೆ ಒಂಬತ್ತೂವರೆ ಸೆಂಟ್. ಪ್ರೀಮಿಯಂ ಒಂದನ್ನೇ ಹಂಚಿದರೆ ಕಪ್ಪಿಗೆ ಒಂದು ಸೆಂಟ್.

ಹೌದು, ಒಂದು ಸೆಂಟ್. ಕಾಫಿ ಅಂಗಡಿಯಲ್ಲಿ ನೀವು ಕೊಡುವ ಬೆಲೆಯ ಮುಂದೆ ಇದು ಏನೂ ಅಲ್ಲ. ಬಾಡಿಗೆ, ಸಂಬಳ, ಹಾಲು, ಯಂತ್ರ, ತೆರಿಗೆ, ಕೊನೆಗೆ ಆ ಕಾಗದದ ಲೋಟ, ಇವೆಲ್ಲದರ ಎದುರು ಬೀಜದ ಪಾಲು ತೀರಾ ಚಿಕ್ಕದು. ಇದರಿಂದ ಎರಡು ವಿಷಯ ಗೊತ್ತಾಗುತ್ತದೆ. ಮುದ್ರೆ ಇದೆ ಅಂತ ಅಂಗಡಿಯವರು ಕಪ್ಪಿಗೆ ಕಣ್ಣಿಗೆ ಕಾಣುವಷ್ಟು ಜಾಸ್ತಿ ತೆಗೆದುಕೊಂಡರೆ ಅದರ ಬಹುಪಾಲು ತೋಟಕ್ಕೆ ಹೋಗುತ್ತಿಲ್ಲ. ಇನ್ನೊಂದು, ಬೆಳೆಗಾರರಿಗೆ ದುಪ್ಪಟ್ಟು ಕೊಟ್ಟರೂ ಕಪ್ಪಿನ ಬೆಲೆ ಏರಬೇಕಾದ್ದು ಹತ್ತು ಸೆಂಟ್ ಮಾತ್ರ. ‘ಬೆಳೆಗಾರರಿಗೆ ಸರಿಯಾಗಿ ಕೊಟ್ಟರೆ ಕಾಫಿ ಯಾರ ಕೈಗೂ ಎಟುಕುವುದಿಲ್ಲ’ ಅನ್ನುವ ವಾದ ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ.

ಇನ್ನೊಂದು ಸೂಕ್ಷ್ಮ ಇದೆ. ಈ 1.80 ಡಾಲರ್ ಬೆಳೆಗಾರರ ಜೇಬಿಗೆ ನೇರವಾಗಿ ಬೀಳುವುದಿಲ್ಲ. ಅದು ಹಡಗಿಗೆ ಏರಿಸಿದ ಬೀಜದ ಬೆಲೆ, ಸೇರುವುದು ಬೆಳೆಗಾರರ ಸಹಕಾರ ಸಂಘಕ್ಕೆ. ಸಂಘ ಅದರಲ್ಲಿ ಪಲ್ಪಿಂಗ್ (ಹಣ್ಣಿನ ತಿರುಳು ಬಿಡಿಸುವುದು), ಒಣಗಿಸುವುದು, ಸಿಪ್ಪೆ ತೆಗೆಯುವುದು, ಬಂದರಿನವರೆಗಿನ ಸಾಗಣೆ, ಸಾಲದ ಬಡ್ಡಿ ಎಲ್ಲ ಕಳೆದು ಉಳಿದದ್ದನ್ನು ಸದಸ್ಯರಿಗೆ ಕೊಡುತ್ತದೆ. ಚೆನ್ನಾಗಿ ನಡೆಯುವ ಸಂಘದಲ್ಲಿ ಬಹುಪಾಲು ಮನೆಗೆ ಬರುತ್ತದೆ. ಕೆಟ್ಟ ಸಂಘದಲ್ಲಿ ಕಚೇರಿಯಲ್ಲೇ ಕರಗುತ್ತದೆ. ಪ್ರೀಮಿಯಂ ದುಡ್ಡನ್ನು ಏನು ಮಾಡಬೇಕು ಅಂತ ಸದಸ್ಯರು ಸಭೆಯಲ್ಲಿ ತೀರ್ಮಾನಿಸಬೇಕು. ಅದರಲ್ಲಿ 5 ಸೆಂಟ್ ಇಳುವರಿ ಮತ್ತು ಗುಣಮಟ್ಟ ಸುಧಾರಿಸಲಿಕ್ಕೇ ಅಂತ ನಿಯಮ ಇದೆ.

ಈಗ ಬೆಲೆ ಹುಟ್ಟುವ ಜಾಗಕ್ಕೆ ಬರೋಣ. ಅರೇಬಿಕಾದ ಬೆಲೆ ನಿರ್ಧಾರವಾಗುವುದು ನ್ಯೂಯಾರ್ಕ್‌ನ ವಾಯಿದೆ ಮಾರುಕಟ್ಟೆಯಲ್ಲಿ (ಮುಂದೆ ಕೊಡುವ ಕಾಫಿಗೆ ಈಗಲೇ ಬೆಲೆ ಕಟ್ಟಿ ಒಪ್ಪಂದ ಮಾಡಿಕೊಳ್ಳುವ ಜಾಗ), ಇನ್ನೊಂದು ಮುಖ್ಯ ಜಾತಿಯಾದ ರೊಬಸ್ಟಾದ್ದು ಲಂಡನ್ನಿನಲ್ಲಿ. ನ್ಯೂಯಾರ್ಕ್‌ನಲ್ಲಿ ಒಂದು ವಾಯಿದೆ ಒಪ್ಪಂದ ಅಂದರೆ 37,500 ಪೌಂಡ್. ಅಲ್ಲಿ ಕೊಳ್ಳುವ, ಮಾರುವ ಎಷ್ಟೋ ಜನ ಒಂದು ಕಾಳು ಕಾಫಿಯನ್ನೂ ಕೈಯಲ್ಲಿ ಹಿಡಿದವರಲ್ಲ. ನಿಜವಾದ ಕಾಫಿ ವ್ಯಾಪಾರ ಮಾಡುವವರು ಆ ಬೆಲೆಯನ್ನು ಆಧಾರವಾಗಿಟ್ಟುಕೊಂಡು, ದೇಶ ಮತ್ತು ಗುಣಮಟ್ಟ ನೋಡಿ ಇಷ್ಟು ಸೆಂಟ್ ಮೇಲೆ ಅಥವಾ ಕೆಳಗೆ ಅಂತ ಒಪ್ಪಂದ ಮಾಡಿಕೊಳ್ಳುತ್ತಾರೆ.

ಇದರಲ್ಲಿ ಏನು ತಪ್ಪು ಅಂತ ಕೇಳಬಹುದು. ವಾಯಿದೆ ಮಾರುಕಟ್ಟೆ ಇರುವುದೇ ಬೆಲೆಯ ಏರಿಳಿತದಿಂದ ರಕ್ಷಣೆ ಪಡೆಯಲಿಕ್ಕೆ. ದೊಡ್ಡ ವ್ಯಾಪಾರಿ ಇವತ್ತು ಕಾಫಿ ಕೊಂಡರೆ ಇವತ್ತೇ ವಾಯಿದೆಯಲ್ಲಿ ಅಷ್ಟೇ ಮಾರಿಬಿಡುತ್ತಾನೆ. ನಾಳೆ ಬೆಲೆ ಬಿದ್ದರೂ ಒಂದು ಕಡೆ ಕಳೆದದ್ದು ಇನ್ನೊಂದು ಕಡೆ ಬರುತ್ತದೆ. ಹುರಿಯುವ ಕಂಪನಿಯೂ ಹೀಗೇ ಮಾಡುತ್ತದೆ. ಆದರೆ ಜಗತ್ತಿನ ಕಾಫಿ ಹಿಡುವಳಿಗಳು ಸುಮಾರು 1.25 ಕೋಟಿ, ಅದರಲ್ಲಿ ನೂರಕ್ಕೆ 95 ಐದು ಹೆಕ್ಟೇರ್‌ಗಿಂತ ಚಿಕ್ಕವು ಅಂತ ಒಂದು ಅಂದಾಜು ಹೇಳುತ್ತದೆ. ಎರಡು ಹೆಕ್ಟೇರ್ ತೋಟದವರು 37,500 ಪೌಂಡಿನ ವಾಯಿದೆ ಎಲ್ಲಿಂದ ಮಾಡಿಯಾರು? ಕೊಯ್ಲಿನ ಹೊತ್ತಿಗೆ ಆಳುಗಳಿಗೆ ಕೂಲಿ ಕೊಡಬೇಕು, ಹಣ್ಣು ಕಿತ್ತ ದಿನವೇ ಪಲ್ಪ್ ಆಗಬೇಕು. ಅವತ್ತು ಯಾವ ಬೆಲೆ ಇದೆಯೋ ಆ ಬೆಲೆಗೆ ಕೊಟ್ಟು ಬರುತ್ತಾರೆ. ಸರಪಳಿಯಲ್ಲಿ ಎಲ್ಲರಿಗೂ ಕೊಡೆ ಇದೆ, ಮಳೆ ಜಾಸ್ತಿ ಬೀಳುವ ಕಡೆ ನಿಂತವರಿಗೆ ಮಾತ್ರ ಇಲ್ಲ.

ಒಂದು ಸಣ್ಣ ಕಥೆ ಹೇಳುತ್ತೇನೆ. ಹಿಂದೆ ನಾನು ಕೆಲಸಕ್ಕಿದ್ದ ಒಂದು ಕಡೆ ಮಾದರಿಗಳ ರುಚಿ ನೋಡಿ ‘ಒಪ್ಪಿಗೆ’ ಅಥವಾ ‘ತಿರಸ್ಕಾರ’ ಅಂತ ಬರೆಯುವುದು ನಮ್ಮ ಕೆಲಸ. ಮಾರುಕಟ್ಟೆ ಏರುತ್ತಿದ್ದ ವಾರಗಳಲ್ಲಿ ನಮಗೆ ಎಲ್ಲ ಕಾಫಿಯೂ ರುಚಿಯಾಗಿಯೇ ಇರುತ್ತಿತ್ತು. ಬೆಲೆ ದಡಾರನೆ ಬಿದ್ದ ವಾರ ಮಾತ್ರ ಮೇಲಿನಿಂದ ಮಾತು ಬರುತ್ತಿತ್ತು: ‘ಇನ್ನೊಂದು ಸಲ ಗಮನಕೊಟ್ಟು ನೋಡಿ, ಸ್ವಲ್ಪ ಮುಗ್ಗಲು ವಾಸನೆ ಇದೆ ಅಲ್ವಾ?’ ಹಳೇ ಬೆಲೆಗೆ ಒಪ್ಪಿದ ಕಾಫಿಯನ್ನು ದೋಷದ ನೆಪದಲ್ಲಿ ಬಿಡಿಸಿಕೊಂಡು, ಅದೇ ಕಾಫಿಯನ್ನು ಹೊಸ ಬೆಲೆಗೆ ಕೊಳ್ಳುವ ದಾರಿ ಅದು. ವ್ಯಾಪಾರದಲ್ಲಿ ಇದು ಹಳೇ ಜೋಕು: ಮಾರುಕಟ್ಟೆ ಬಿದ್ದಾಗ ನಾಲಿಗೆ ಚುರುಕಾಗುತ್ತದೆ. ಹೇಳಲು ನಾಚಿಕೆ, ಆದರೆ ಎರಡು ಸಲ ನಾನೂ ಸಹಿ ಹಾಕಿದ್ದೇನೆ.

ಬೆಲೆ ಯಾಕೆ ಹೀಗೆ ಉಯ್ಯಾಲೆಯಾಡುತ್ತದೆ? ಕಾರಣ ಗಿಡದಲ್ಲೇ ಇದೆ. ಕಾಫಿ ಗಿಡ ನೆಟ್ಟ ಮೇಲೆ ಫಸಲು ಬರಲು ಮೂರು ನಾಲ್ಕು ವರ್ಷ ಬೇಕು. ಬೆಲೆ ಏರಿದಾಗ ಎಲ್ಲ ದೇಶದವರೂ ಗಿಡ ನೆಡುತ್ತಾರೆ. ಫಸಲೂ ಎಲ್ಲರಿಗೂ ಒಟ್ಟಿಗೇ ಬರುತ್ತದೆ, ಬೆಲೆ ಮಗುಚಿಕೊಳ್ಳುತ್ತದೆ. ಆಗ ಗಿಡ ಕೀಳಲೂ ಆಗುವುದಿಲ್ಲ, ಸಾಕಲೂ ಆಗುವುದಿಲ್ಲ. ಜೊತೆಗೆ ಜಗತ್ತಿನ ಕಾಫಿಯಲ್ಲಿ ಸುಮಾರು ಮೂರನೇ ಒಂದು ಭಾಗ ಬ್ರೆಜಿಲ್ ಒಂದೇ ಬೆಳೆಯುತ್ತದೆ. ಅಲ್ಲಿ ಒಂದು ರಾತ್ರಿ ಇಬ್ಬನಿ ಹೆಪ್ಪುಗಟ್ಟಿದರೆ ಎಲ್ಲ ಕಡೆಯ ಲೆಕ್ಕ ತಲೆಕೆಳಗು. 1975ರ ಜುಲೈನಲ್ಲಿ ಹಾಗೇ ಆಯಿತು. ಹಿಮ ಸುಟ್ಟ ತೋಟಗಳಿಂದಾಗಿ 1977ರಲ್ಲಿ ಬೆಲೆ ಪೌಂಡಿಗೆ 3 ಡಾಲರ್ ದಾಟಿತು.

ಈ ಉಯ್ಯಾಲೆಯನ್ನು ಹಿಡಿದು ನಿಲ್ಲಿಸುವ ಪ್ರಯತ್ನವೂ ಒಂದು ಕಾಲದಲ್ಲಿ ನಡೆದಿತ್ತು. 1962ರಲ್ಲಿ ಕಾಫಿ ಬೆಳೆಯುವ ಮತ್ತು ಕುಡಿಯುವ ದೇಶಗಳು ಸೇರಿ ಅಂತಾರಾಷ್ಟ್ರೀಯ ಕಾಫಿ ಒಪ್ಪಂದ ಮಾಡಿಕೊಂಡವು. ಬೆಲೆ ಬಿದ್ದರೆ ಪ್ರತಿ ದೇಶದ ರಫ್ತಿಗೆ ಮಿತಿ, ಏರಿದರೆ ಮಿತಿ ಸಡಿಲ. 1980ರ ದಶಕದಲ್ಲಿ ಅವರ ಗುರಿ ಪೌಂಡಿಗೆ 1.20ರಿಂದ 1.40 ಡಾಲರ್ ನಡುವೆ ಬೆಲೆ ಇಡುವುದಾಗಿತ್ತು. ವ್ಯವಸ್ಥೆಯಲ್ಲಿ ಹುಳುಕು ಬಹಳ ಇತ್ತು. ಕೋಟಾ ಹಂಚುವಾಗ ಜಗಳ, ಒಪ್ಪಂದದ ಹೊರಗಿನ ದೇಶಗಳಿಗೆ ಅಗ್ಗದ ಮಾರಾಟ, ಕೆಲವು ಸರ್ಕಾರಗಳು ಬೆಳೆಗಾರರ ದುಡ್ಡು ತಿಂದದ್ದು. ಆದರೂ ಬೆಲೆ ಪೂರ್ತಿ ಕುಸಿಯದಂತೆ ತಡೆಯುವ ನೆಲ ಅಂತ ಒಂದಿತ್ತು. 1989ರ ಜುಲೈನಲ್ಲಿ ಕೋಟಾ ಮುರಿದು ಬಿತ್ತು. ಕೆಲವೇ ತಿಂಗಳಲ್ಲಿ ಬೆಲೆ ಅರ್ಧದಷ್ಟಾಯಿತು. ಮುಂದಿನ ಹತ್ತು ವರ್ಷದಲ್ಲಿ ವಿಯೆಟ್ನಾಂ ತನ್ನ ಬೆಟ್ಟದ ಸೀಮೆಯಲ್ಲೆಲ್ಲ ರೊಬಸ್ಟಾ ಹಾಕಿ ಜಗತ್ತಿನ ಎರಡನೇ ದೊಡ್ಡ ಬೆಳೆಗಾರ ದೇಶವಾಯಿತು. 2001ರಲ್ಲಿ ಅರೇಬಿಕಾ ಬೆಲೆ ಪೌಂಡಿಗೆ 50 ಸೆಂಟ್‌ಗಿಂತ ಕೆಳಗೆ ಇಳಿಯಿತು. ಮಧ್ಯ ಅಮೆರಿಕದಲ್ಲಿ ಹಣ್ಣು ಕೀಳುವ ಕೂಲಿಯೂ ಗಿಟ್ಟದೆ ಗಿಡದ ಮೇಲೇ ಬಿಟ್ಟು ಊರು ಬಿಟ್ಟವರಿದ್ದಾರೆ.

ಫೇರ್‌ಟ್ರೇಡ್ ಮುದ್ರೆ ಹುಟ್ಟಿದ್ದು ಈ ಕುಸಿತಕ್ಕೆ ಸ್ವಲ್ಪ ಮೊದಲು. ಮೆಕ್ಸಿಕೋದ ವಹಾಕಾ ಪ್ರಾಂತ್ಯದಲ್ಲಿ ‘ಉಸಿರಿ’ ಅನ್ನುವ ಮೂಲನಿವಾಸಿಗಳ ಸಹಕಾರ ಸಂಘ ಇತ್ತು. ಅವರ ಜೊತೆ ಕೆಲಸ ಮಾಡುತ್ತಿದ್ದ ಡಚ್ ಪಾದ್ರಿ ಫ್ರಾನ್ಸ್ ವಾನ್ ಡರ್ ಹಾಫ್ ಮತ್ತು ನೆದರ್‌ಲ್ಯಾಂಡ್ಸ್‌ನ ನಿಕೋ ರೋಜೆನ್ ಸೇರಿ 1988ರಲ್ಲಿ ‘ಮ್ಯಾಕ್ಸ್ ಹ್ಯಾವ್ಲಾರ್’ ಹೆಸರಿನ ಮುದ್ರೆ ಶುರುಮಾಡಿದರು. ಬೆಳೆಗಾರರು ಕೇಳಿದ್ದು ಧರ್ಮವನ್ನಲ್ಲ, ವ್ಯಾಪಾರವನ್ನು. 1997ರಲ್ಲಿ ಬೇರೆ ಬೇರೆ ದೇಶದ ಇಂಥ ಮುದ್ರೆಗಳು ಒಂದಾಗಿ ಜರ್ಮನಿಯ ಬಾನ್ ನಗರದಲ್ಲಿ ಈಗಿನ ಅಂತಾರಾಷ್ಟ್ರೀಯ ಸಂಸ್ಥೆ ಆಯಿತು. ನಿಯಮದ ತಿರುಳು ಸರಳ. ಮಾರುಕಟ್ಟೆ ಬೆಲೆ ಎಷ್ಟೇ ಬಿದ್ದರೂ ಕನಿಷ್ಠ ಬೆಲೆ ಕೊಡಬೇಕು. ಮಾರುಕಟ್ಟೆ ಅದಕ್ಕಿಂತ ಮೇಲಿದ್ದರೆ ಮಾರುಕಟ್ಟೆ ಬೆಲೆ ಕೊಡಬೇಕು. ಎರಡಕ್ಕೂ ಪ್ರೀಮಿಯಂ ಸೇರಬೇಕು. ಸಂಘ ಕೇಳಿದರೆ ಒಪ್ಪಂದದ ಮೌಲ್ಯದ 60 ಪ್ರತಿಶತದವರೆಗೆ ಮುಂಗಡ ಸಿಗುವ ಹಾಗೆ ಮಾಡಬೇಕು. ಈ ಮುಂಗಡದ ವಿಷಯವನ್ನು ಪ್ಯಾಕೆಟ್ ಮೇಲೆ ಯಾರೂ ಬರೆಯುವುದಿಲ್ಲ, ಆದರೆ ಕೊಯ್ಲಿನ ಮುಂಚೆ ಸಾಲದವರ ಬಾಗಿಲು ತಟ್ಟುವವರಿಗೆ ಅದರ ಬೆಲೆ ಗೊತ್ತು.

2001ರಲ್ಲಿ ಈ ವಿಮೆ ಕೆಲಸ ಮಾಡಿತು. ಮಾರುಕಟ್ಟೆ 50 ಸೆಂಟ್ ಕೆಳಗಿದ್ದಾಗ ಮಧ್ಯ ಅಮೆರಿಕದ ತೊಳೆದ ಅರೇಬಿಕಾಕ್ಕೆ ಫೇರ್‌ಟ್ರೇಡ್ ಬೆಲೆ 1.21 ಡಾಲರ್, ಮೇಲೆ 5 ಸೆಂಟ್. ಮಾರುಕಟ್ಟೆಯ ಎರಡು ಪಟ್ಟಿಗೂ ಜಾಸ್ತಿ. 2018ರ ಕೊನೆಯಿಂದ 2019ರವರೆಗೆ ಬೆಲೆ ಮತ್ತೆ ಒಂದು ಡಾಲರ್ ಆಸುಪಾಸಿನಲ್ಲಿ, ಎಷ್ಟೋ ದಿನ ಅದಕ್ಕೂ ಕೆಳಗೆ, ತೆವಳುತ್ತಿದ್ದಾಗಲೂ 1.40 ಸಿಕ್ಕಿತು.

ಆದರೆ ಆ 1.40 ನೋಡಿ. 2011ರಲ್ಲಿ ಕಟ್ಟಿದ ಕನಿಷ್ಠ ಬೆಲೆ 2023ರವರೆಗೆ ಅಲ್ಲಾಡಲಿಲ್ಲ. ಆ ಹನ್ನೆರಡು ವರ್ಷದಲ್ಲಿ ಗೊಬ್ಬರ, ಕೂಲಿ, ಡೀಸೆಲ್ ಎಲ್ಲ ಏರಿದವು. ಇನ್ನೂ ಹಿಂದಕ್ಕೆ ಹೋಗಿ: ಹಳೆಯ ಕೋಟಾ ಒಪ್ಪಂದ 1980ರ ದಶಕದಲ್ಲಿ ಗುರಿ ಇಟ್ಟಿದ್ದ ಬೆಲೆಯ ಮೇಲ್ತುದಿಯೂ 1.40 ಡಾಲರೇ! ಮೂವತ್ತು ನಲವತ್ತು ವರ್ಷದ ಹಣದುಬ್ಬರ ನುಂಗಿದ ಮೇಲೂ ‘ನ್ಯಾಯದ ಬೆಲೆ’ ಅದೇ ಅಂಕಿಯಲ್ಲಿ ನಿಂತಿತ್ತು. ಫೇರ್‌ಟ್ರೇಡ್‌ನವರ ಕಷ್ಟವೂ ಇಲ್ಲದೆ ಇಲ್ಲ. ಕನಿಷ್ಠ ಬೆಲೆ ಜಾಸ್ತಿ ಮಾಡಿದರೆ ಕೊಳ್ಳುವವರು ಇನ್ನೊಂದು ಅಗ್ಗದ ಮುದ್ರೆಗೆ ಹಾರುತ್ತಾರೆ. ಅಡಕತ್ತರಿಯಲ್ಲಿ ಸಿಕ್ಕಿದ ಹಾಗೆ. ಈಚೆಗೆ ಅವರೇ ಕೆಲವು ದೇಶಗಳಿಗೆ ‘ಜೀವನಕ್ಕೆ ಸಾಕಾಗುವ ಆದಾಯ’ದ ಲೆಕ್ಕ ಹಾಕಿ ಬೇರೆ ಬೆಲೆ ಪ್ರಕಟಿಸುತ್ತಿದ್ದಾರೆ. ಅದು ಕಡ್ಡಾಯ ಅಲ್ಲ, ಮನಸ್ಸಿದ್ದವರು ಕೊಡಬಹುದು.

ಈಗ ನಿಮ್ಮ ಗೆಳೆಯರ ಮಾತಿಗೆ. 2024ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಬೆಲೆ 1977ರ ದಾಖಲೆಯನ್ನು ಮುರಿಯಿತು. 2025ರ ಫೆಬ್ರುವರಿಯಲ್ಲಿ 4 ಡಾಲರ್ ದಾಟಿತು. ಪತ್ರಿಕೆಗಳೆಲ್ಲ ‘ಸಾರ್ವಕಾಲಿಕ ದಾಖಲೆ’ ಅಂತ ಬರೆದವು. ಅಂಕಿಯಲ್ಲಿ ಅದು ನಿಜ. 1977ರ ಮೂರು ಚಿಲ್ಲರೆ ಡಾಲರನ್ನು ಈಗಿನ ದುಡ್ಡಿಗೆ ಪರಿವರ್ತಿಸಿದರೆ ಮಾತ್ರ ಹೊಸ ದಾಖಲೆ ಅದರ ಅರ್ಧಕ್ಕೂ ಬರುವುದಿಲ್ಲ.

ಅಷ್ಟೇ ಅಲ್ಲ. ಬೆಲೆ ಏರಿದ್ದು ಯಾಕೆ? ಬ್ರೆಜಿಲ್, ವಿಯೆಟ್ನಾಂಗಳಲ್ಲಿ ಬರ ಬಂದು ಫಸಲು ಕಮ್ಮಿಯಾದ್ದರಿಂದ. ಫಸಲೇ ಇಲ್ಲದವರಿಗೆ ಏರಿದ ಬೆಲೆಯಿಂದ ಏನು ಬಂತು? ಫಸಲು ಇದ್ದವರಲ್ಲೂ ಎಷ್ಟೋ ಜನ ಬೆಲೆ ತುದಿ ಮುಟ್ಟುವ ಮೊದಲೇ ಮಾರಿದ್ದರು. ಚೆನ್ನಾಗಿ ಗಳಿಸಿದವರೂ ಇದ್ದಾರೆ, ಸಂತೋಷ. ಬಹಳ ವರ್ಷದ ಸಾಲ ತೀರಿಸಿಕೊಂಡವರಿದ್ದಾರೆ.

ಸಂಘಗಳ ಕಥೆ ಮಾತ್ರ ಉಲ್ಟಾ ಆಯಿತು. ತಿಂಗಳುಗಳ ಹಿಂದೆ ಒಂದು ಬೆಲೆಗೆ ಒಪ್ಪಂದ ಮಾಡಿಕೊಂಡ ಸಂಘ ಆ ಬೆಲೆಗೇ ಕಾಫಿ ಕಳಿಸಬೇಕು. ಅಷ್ಟರಲ್ಲಿ ದಲ್ಲಾಳಿ ತೋಟದ ಬಾಗಿಲಿಗೇ ಬಂದು ನಗದು ಎಣಿಸುತ್ತಾನೆ. ಸದಸ್ಯರು ಅವನಿಗೆ ಕೊಡುತ್ತಾರೆ. ತಪ್ಪು ಅಂತ ಹೇಗೆ ಹೇಳುವುದು? 2021ರಲ್ಲಿ ಕೊಲಂಬಿಯಾದಲ್ಲಿ ಇದು ದೊಡ್ಡ ಪ್ರಮಾಣದಲ್ಲಿ ಆಯಿತು. ಬೆಲೆ ಏರುತ್ತಿದ್ದಂತೆ ಮೊದಲೇ ಮಾರಿದ್ದ ಕಾಫಿಯನ್ನು ಸಾವಿರಾರು ಬೆಳೆಗಾರರು ಕೊಡಲಿಲ್ಲ, ಸಹಕಾರ ಸಂಘಗಳು ನಷ್ಟದಲ್ಲಿ ಮುಳುಗಿದವು. ಬೆಲೆ ಬಿದ್ದಾಗ ಬೆಳೆಗಾರರು ಸಾಯುತ್ತಾರೆ, ಏರಿದಾಗ ಅವರನ್ನು ಕಾಯಬೇಕಾದ ಸಂಘ ಸಾಯುತ್ತದೆ. ಮುಂದಿನ ಕುಸಿತ ಬಂದಾಗ ಆಸರೆಯಾಗಬೇಕಾದ ಸಂಘವೇ ಉಳಿದಿರುವುದಿಲ್ಲ. ಅದಕ್ಕೇ ‘ಈಗ ಬೆಲೆ ಏರಿದೆ, ಮುದ್ರೆ ಯಾಕೆ’ ಅನ್ನುವುದು ‘ಈ ವರ್ಷ ಬೆಂಕಿ ಬಿದ್ದಿಲ್ಲ, ಅಗ್ನಿಶಾಮಕದವರು ಯಾಕೆ’ ಅಂದ ಹಾಗೆ.

ಗೆಳೆಯರ ಪರ ಮಾತಾಡಬೇಕಾದ ಜಾಗ ಈಗ ಬರುತ್ತದೆ. ಮುದ್ರೆಯಲ್ಲಿ ಎರಡು ದೊಡ್ಡ ತೂತುಗಳಿವೆ.

ಮೊದಲನೆಯದು, ಫೇರ್‌ಟ್ರೇಡ್ ಪ್ರಮಾಣಪತ್ರ ಇರುವ ಸಂಘ ತನ್ನ ಕಾಫಿಯನ್ನೆಲ್ಲ ಫೇರ್‌ಟ್ರೇಡ್ ಬೆಲೆಗೆ ಮಾರುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಹಾಗಿಲ್ಲ. ಬೆಳೆಯುವುದು ಜಾಸ್ತಿ, ಆ ಷರತ್ತಿನಲ್ಲಿ ಕೊಳ್ಳುವವರು ಕಡಿಮೆ. ಒಟ್ಟಾರೆ ನೋಡಿದರೆ ಅರ್ಧಕ್ಕಿಂತ ಕಡಿಮೆ ಕಾಫಿ ಮಾತ್ರ ಆ ಬೆಲೆಗೆ ಹೋಗುತ್ತದೆ. ಉಳಿದದ್ದು ಮಾಮೂಲಿ ಬೆಲೆಗೆ, ಮುದ್ರೆ ಇಲ್ಲದೆ. ತಪಾಸಣೆಯ ಖರ್ಚು ಮಾತ್ರ ಪೂರ್ತಿ. ಗ್ವಾಟೆಮಾಲಾದ ಸಂಘಗಳ ಹಲವು ವರ್ಷದ ಲೆಕ್ಕ ತೆಗೆದು ನೋಡಿದ ಅರ್ಥಶಾಸ್ತ್ರಜ್ಞರಿಗೂ ಇದೇ ಕಂಡಿತು. ಲಾಭ ಇದೆ ಅಂತ ಗೊತ್ತಾದಾಗ ಹೊಸಬರು ಪ್ರಮಾಣಪತ್ರ ಪಡೆಯುತ್ತಾ ಹೋದರು, ಪ್ರತಿಯೊಬ್ಬರ ಪಾಲು ತೆಳುವಾಗುತ್ತಾ ಬಂತು. ಬಹಳ ಸಣ್ಣ ಸಂಘಕ್ಕಂತೂ ಮೂಗಿಗಿಂತ ಮೂಗುತಿ ಭಾರ.

ಎರಡನೆಯದು ನನಗೆ ಇನ್ನೂ ಜಾಸ್ತಿ ನೋವು ಕೊಡುವ ವಿಷಯ. ಕಾಫಿ ಹಣ್ಣು ಕೀಳುವವರೆಲ್ಲ ತೋಟದ ಒಡೆಯರಲ್ಲ. ತುಂಡು ಭೂಮಿಯೂ ಇಲ್ಲದ ಕೂಲಿಯವರು, ಕೊಯ್ಲಿನ ಕಾಲಕ್ಕೆ ಬೇರೆ ಕಡೆಯಿಂದ ಬಂದವರು, ತೂಕದ ಮೇಲೆ ದುಡ್ಡು ಪಡೆಯುವವರು. ಒಂದು ಕಿಲೋ ಹಸಿರು ಬೀಜಕ್ಕೆ ಐದಾರು ಕಿಲೋ ಹಣ್ಣು ಕೀಳಬೇಕು. ಸಣ್ಣ ಬೆಳೆಗಾರರ ಸಂಘಕ್ಕೆ ಕೊಟ್ಟ ಬೆಲೆ ಈ ಕೈಗಳನ್ನು ಮುಟ್ಟುತ್ತದಾ? ಲಂಡನ್ ವಿಶ್ವವಿದ್ಯಾಲಯದ ಸೋಆಸ್ ಸಂಸ್ಥೆಯ ಸಂಶೋಧಕರು ಇಥಿಯೋಪಿಯಾ ಮತ್ತು ಉಗಾಂಡಾದಲ್ಲಿ ಕೂಲಿಯವರನ್ನೇ ಮಾತಾಡಿಸಿ 2014ರಲ್ಲಿ ವರದಿ ಕೊಟ್ಟರು. ಫೇರ್‌ಟ್ರೇಡ್ ಸಂಘಗಳಿದ್ದ ಕಡೆ ಕೂಲಿ ಜಾಸ್ತಿ ಇರಲಿಲ್ಲ, ಹೆಚ್ಚಿನ ಕಡೆ ಕಡಿಮೆಯೇ ಇತ್ತು ಅಂತ ಅವರು ಬರೆದರು. ಹೋಲಿಕೆ ಸರಿಯಿಲ್ಲ ಅಂತ ಫೇರ್‌ಟ್ರೇಡ್‌ನವರು ವಾದಿಸಿದರು. ಕೋಸ್ಟರಿಕಾದಲ್ಲಿ ನಡೆದ ಇನ್ನೊಂದು ಅಧ್ಯಯನದಲ್ಲಿ ಮುದ್ರೆಯಿಂದ ತೋಟದ ಒಡೆಯರಿಗೆ ಒಳ್ಳೆಯ ಬೆಲೆ ಸಿಕ್ಕಿತು, ಮಧ್ಯವರ್ತಿಗಳ ಆದಾಯ ಇಳಿಯಿತು, ಕೂಲಿ ಆಳುಗಳಿಗೆ ಮಾತ್ರ ಏನೂ ಸಿಗಲಿಲ್ಲ.

ದೊಡ್ಡ ಎಸ್ಟೇಟುಗಳಿಗೂ ಮುದ್ರೆ ಕೊಟ್ಟರೆ ಕೂಲಿಯವರಿಗೆ ಒಳ್ಳೆಯದು ಅಂತ ವಾದಿಸಿ ಅಮೆರಿಕದ ಶಾಖೆ 2011ರ ಕೊನೆಗೆ ಮೂಲ ಸಂಸ್ಥೆಯಿಂದ ಹೊರಬಂತು. ‘ದೊಡ್ಡವರು ಒಳಗೆ ಬಂದರೆ ಸಣ್ಣವರು ಹೊರಗೆ’ ಅಂತ ಉಳಿದವರು ಹೇಳಿದರು. ಇಬ್ಬರದ್ದೂ ಸರಿಯೇ ಇದೆ. ಆ ಜಗಳ ಇವತ್ತಿಗೂ ಮುಗಿದಿಲ್ಲ.

ಬೇರೆ ಮುದ್ರೆಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ನೀವು ಹೇಳಿದ ಕಪ್ಪೆ ರೇನ್‌ಫಾರೆಸ್ಟ್ ಅಲೈಯನ್ಸ್‌ನದು. 2018ರಲ್ಲಿ ಯುಟಿಝಡ್ ಅನ್ನುವ ಇನ್ನೊಂದು ಮುದ್ರೆ ಅದರಲ್ಲಿ ಸೇರಿಕೊಂಡಿತು. ಅದು ಕಾಡು, ನೀರು, ಕೀಟನಾಶಕ, ಕಾರ್ಮಿಕರ ಸ್ಥಿತಿ ನೋಡುತ್ತದೆ. ಕಾಫಿಗೆ ಕನಿಷ್ಠ ಬೆಲೆ ಕಟ್ಟುವುದಿಲ್ಲ. ಮಾರುಕಟ್ಟೆ ಬೆಲೆಯ ಮೇಲೆ ಏನಾದರೂ ಹೆಚ್ಚುವರಿ ಕೊಡಲೇಬೇಕು ಅನ್ನುತ್ತದೆ, ಎಷ್ಟು ಅನ್ನುವುದನ್ನು ಕೊಳ್ಳುವವರು, ಮಾರುವವರು ಮಾತಾಡಿಕೊಳ್ಳಬೇಕು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ವಿಮೆ ಇಲ್ಲ, ಬೋನಸ್ ಇದೆ. ಸಾವಯವ ಮುದ್ರೆಯ ಎಲೆ ರಾಸಾಯನಿಕ ಹಾಕಿಲ್ಲ ಅನ್ನುವುದಕ್ಕೆ ಮಾತ್ರ ಸಾಕ್ಷಿ. ಹಕ್ಕಿಯ ಚಿತ್ರ ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯದಾದರೆ ಅದು ಇವುಗಳಲ್ಲೆಲ್ಲ ಕಟ್ಟುನಿಟ್ಟು. ಸಾವಯವ ಪ್ರಮಾಣಪತ್ರ ಮೊದಲೇ ಇರಬೇಕು, ತೋಟದ ಮೇಲೆ 40 ಪ್ರತಿಶತವಾದರೂ ಮರಗಳ ನೆರಳು ಇರಬೇಕು. ಅದಕ್ಕೇ ಅದು ಅಂಗಡಿಯಲ್ಲಿ ಅಪರೂಪ. ಇನ್ನು ದೊಡ್ಡ ಕಂಪನಿಗಳು ತಾವೇ ಬರೆದು ತಾವೇ ಒಪ್ಪಿಕೊಳ್ಳುವ ‘ಜವಾಬ್ದಾರಿಯುತ ಖರೀದಿ’ಯ ಚಿಹ್ನೆಗಳು. ಪರೀಕ್ಷೆ ಬರೆದವರೇ ಮೌಲ್ಯಮಾಪನ ಮಾಡಿದ ಹಾಗೆ. ಕೆಲವು ಚೆನ್ನಾಗಿವೆ, ಆದರೆ ಹೊರಗಿನಿಂದ ನೋಡಿ ಹೇಳುವುದು ಕಷ್ಟ.

‘ನೇರ ವ್ಯಾಪಾರ’ ಅಂತ ಬರೆದಿದ್ದರೆ? ಆ ಮಾತಿಗೆ ಯಾವ ಕಾನೂನಿನ ಅರ್ಥವೂ ಇಲ್ಲ. ಹತ್ತು ವರ್ಷದಿಂದ ಒಂದೇ ಸಂಘದ ಕಾಫಿಯನ್ನು ಮಾರುಕಟ್ಟೆಗಿಂತ ಬಹಳ ಮೇಲಿನ ಬೆಲೆಗೆ ಕೊಳ್ಳುವವರೂ ಅದನ್ನೇ ಬರೆಯುತ್ತಾರೆ. ಒಂದು ಸಲ ತೋಟಕ್ಕೆ ಹೋಗಿ ಫೋಟೋ ತೆಗೆಸಿಕೊಂಡವರೂ ಅದನ್ನೇ ಬರೆಯುತ್ತಾರೆ.

ಪರಿಸರದ ಪ್ರಶ್ನೆಯನ್ನು ಬೆಲೆಯಿಂದ ಬೇರೆ ಮಾಡಿ ನೋಡುವುದು ನಮ್ಮ ದೊಡ್ಡ ತಪ್ಪು ಅನ್ನಿಸುತ್ತದೆ. ಎಲೆ ತುಕ್ಕು ರೋಗವನ್ನೇ ನೋಡಿ. ಈ ಶಿಲೀಂಧ್ರ 1869ರಲ್ಲಿ ಸಿಲೋನಿನಲ್ಲಿ ಕಾಣಿಸಿಕೊಂಡು ಅಲ್ಲಿನ ಕಾಫಿಯನ್ನೇ ಅಳಿಸಿಹಾಕಿತು. ಆ ಜಾಗಕ್ಕೆ ಟೀ ಬಂತು. 2012-13ರಲ್ಲಿ ಅದೇ ರೋಗ ಮಧ್ಯ ಅಮೆರಿಕಕ್ಕೆ ಬಡಿದಾಗ ಹಲವು ಸರ್ಕಾರಗಳು ತುರ್ತು ಪರಿಸ್ಥಿತಿ ಘೋಷಿಸಿದವು. ಹವಾಮಾನ ಬದಲಾದದ್ದು ಒಂದು ಕಾರಣ. ಇನ್ನೊಂದು ಕಾರಣ ದುಡ್ಡು. ಬೆಲೆ ಕೆಟ್ಟಾಗ ಬೆಳೆಗಾರರು ಮೊದಲು ನಿಲ್ಲಿಸುವುದು ಗೊಬ್ಬರ, ಕೊಂಬೆ ಸವರುವುದು, ಔಷಧಿ. ಸೊರಗಿದ ಗಿಡಕ್ಕೆ ರೋಗ ಬೇಗ ಹತ್ತುತ್ತದೆ. ನೆರಳು ಮರ ಕಡಿದು ಮಾರುವುದೂ ಇಂಥ ವರ್ಷಗಳಲ್ಲೇ. ಬೆಲೆ ಏರಿದಾಗ ಮಾತ್ರ ಇನ್ನೊಂದು ಆಸೆ: ಪಕ್ಕದ ಕಾಡು ಕಡಿದು ಹೊಸ ಗಿಡ. ಅಂದರೆ ಬೆಲೆ ಬಿದ್ದರೂ ಕಾಡಿಗೆ ಕೇಡು, ಹಾರಿದರೂ ಕೇಡು. ವಿಯೆಟ್ನಾಂನ ಬೆಟ್ಟದ ಸೀಮೆಯಲ್ಲಿ ಒಣ ತಿಂಗಳಲ್ಲಿ ಹೂ ಬಿಡಿಸಲು ಕೊಳವೆಬಾವಿಯಿಂದ ನೀರು ಎಳೆದೂ ಎಳೆದೂ ಅಂತರ್ಜಲ ಇಳಿದದ್ದೂ ಇದೇ ಕಥೆಯ ಇನ್ನೊಂದು ಅಧ್ಯಾಯ.

ಯುರೋಪಿಯನ್ ಒಕ್ಕೂಟ ಇದಕ್ಕೆ ಕಾನೂನಿನ ದಾರಿ ಹಿಡಿದಿದೆ. 2023ರಲ್ಲಿ ಜಾರಿಗೆ ಬಂದ ನಿಯಮದ ಪ್ರಕಾರ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಯನ್ನು ಅಲ್ಲಿ ಮಾರುವಂತಿಲ್ಲ. ಪ್ರತಿ ತೋಟದ ಅಕ್ಷಾಂಶ, ರೇಖಾಂಶ ಕೊಡಬೇಕು. ನಾಲ್ಕು ಹೆಕ್ಟೇರ್‌ಗಿಂತ ದೊಡ್ಡ ತುಂಡಾದರೆ ಗಡಿಯ ನಕ್ಷೆಯನ್ನೇ ಕೊಡಬೇಕು. ಪಾಲಿಸಬೇಕಾದ ಗಡುವನ್ನು ಮಾತ್ರ ಒಂದಕ್ಕಿಂತ ಹೆಚ್ಚು ಸಲ ಮುಂದೂಡಿದ್ದಾರೆ. ಉದ್ದೇಶ ಒಳ್ಳೆಯದು, ನನಗೆ ತಕರಾರಿಲ್ಲ. ಆದರೆ ಹಡಗಿನ ಒಂದು ಕಂಟೇನರಿನಲ್ಲಿ ನೂರಾರು ಸಣ್ಣ ತೋಟಗಳ ಕಾಫಿ ಇರುತ್ತದೆ. ಅಷ್ಟೂ ತೋಟಕ್ಕೆ ಹೋಗಿ ಅಳತೆ ಮಾಡುವ ಖರ್ಚು ಯಾರದು? ಕಾನೂನು ಅದನ್ನು ಆಮದುದಾರರ ಮೇಲೆ ಹಾಕಿದೆ. ಅವರು ರಫ್ತುದಾರರ ಮೇಲೆ ಹಾಕುತ್ತಾರೆ. ಅವರು ಸಂಘದ ಮೇಲೆ. ಇಲ್ಲವೇ ‘ಸಣ್ಣವರ ಕಾಫಿ ತಲೆನೋವು’ ಅಂತ ದೊಡ್ಡ ಎಸ್ಟೇಟುಗಳ ಕಡೆ ತಿರುಗುತ್ತಾರೆ. ನೋಡಿ, ಮತ್ತೆ ಅದೇ ಹೆಗಲು.

ಇಂಗಾಲದ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು ಪ್ರಕಟಿಸಿದ ಲೆಕ್ಕದಲ್ಲಿ ಮಾಮೂಲಿ ರೀತಿಯಲ್ಲಿ ಬೆಳೆದು ಸಾಗಿಸಿದ ಒಂದು ಕಿಲೋ ಅರೇಬಿಕಾಕ್ಕೆ ಸುಮಾರು 15 ಕಿಲೋ ಇಂಗಾಲದ ಡೈಆಕ್ಸೈಡ್‌ಗೆ ಸಮನಾದ ಹೊಗೆ. ರಾಸಾಯನಿಕ ಗೊಬ್ಬರ ಕಡಿಮೆ ಮಾಡಿ, ವಿಮಾನದ ಬದಲು ಹಡಗಿನಲ್ಲಿ ಕಳಿಸಿದರೆ 3.5 ಕಿಲೋ. ತಮಾಷೆ ಏನೆಂದರೆ, ಹಾಲು ಸುರಿದ ತಕ್ಷಣ ಕಪ್ಪಿನ ಲೆಕ್ಕ ದುಪ್ಪಟ್ಟಿನ ಹತ್ತಿರ ಹೋಗುತ್ತದೆ.

ಹಾಗಾದರೆ ನೀವೇನು ಮಾಡಬೇಕು? ಫೇರ್‌ಟ್ರೇಡ್ ಕಾಫಿ ಕೊಳ್ಳುವುದನ್ನು ನಿಲ್ಲಿಸಬೇಡಿ. ಬೆಲೆಗೆ ನೆಲ ಕಟ್ಟಿ, ಅದನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸುವ ಮುದ್ರೆ ನಾನು ಮೇಲೆ ಹೇಳಿದವುಗಳಲ್ಲಿ ಅದೊಂದೇ. ಆದರೆ ಮುದ್ರೆ ನೋಡಿ ಸುಮ್ಮನಾಗಬೇಡಿ. ಕಾಫಿ ಹುರಿದು ಮಾರುವವರಿಗೆ ಒಂದು ಪತ್ರ ಬರೆಯಿರಿ. ಈ ಕಾಫಿ ಯಾವ ಸಂಘದ್ದು? ಎಷ್ಟು ವರ್ಷದಿಂದ ಅವರ ಹತ್ತಿರ ಕೊಳ್ಳುತ್ತಿದ್ದೀರಿ? ಹಡಗಿಗೆ ಏರುವಾಗ ಪೌಂಡಿಗೆ ಎಷ್ಟು ಕೊಟ್ಟಿರಿ? 2019ರಲ್ಲಿ ಮಾರುಕಟ್ಟೆ ಬಿದ್ದಾಗ ಎಷ್ಟು ಕೊಟ್ಟಿದ್ದಿರಿ?

ಕೊನೆಯ ಪ್ರಶ್ನೆ ಬಿಡಬೇಡಿ. ಬೆಲೆ ಏರಿದ ವರ್ಷ ಎಲ್ಲರೂ ಧಾರಾಳಿಗಳೇ. ಬಿದ್ದ ವರ್ಷದ ಅಂಕಿ ತೋರಿಸುವವರು ಸಿಕ್ಕರೆ, ಪ್ಯಾಕೆಟ್ ಮೇಲೆ ಮುದ್ರೆ ಇಲ್ಲದಿದ್ದರೂ ನಾನು ಅವರ ಕಾಫಿ ಕೊಳ್ಳುತ್ತೇನೆ. ಹಲವು ಸಣ್ಣ ಹುರಿಯುವವರು ಇಂಥ ಲೆಕ್ಕವನ್ನು ಪ್ರತಿ ವರ್ಷ ಪ್ರಕಟಿಸುತ್ತಾರೆ, ಕೇಳುವವರೇ ಕಡಿಮೆ. ‘ನಾವು ಬೆಳೆಗಾರರ ಕುಟುಂಬಗಳ ಬಗ್ಗೆ ಕಾಳಜಿ ಉಳ್ಳವರು’ ಅಂತ ಶುರುವಾಗಿ ಒಂದೂ ಅಂಕಿ ಇಲ್ಲದೆ ಮುಗಿಯುವ ಉತ್ತರ ಬಂದರೆ, ಅದನ್ನು ನಿಮ್ಮ ಗೆಳೆಯರಿಗೆ ತೋರಿಸಿ. ಆ ಕಂಪನಿಯ ಮಟ್ಟಿಗೆ ಅವರು ಹೇಳಿದ್ದೇ ಸರಿ.